ಕೈದಿ ಹೊರಗೆ ಬರುತ್ತಾನೋ ಇಲ್ಲವೋ

ನಾನು ಕಾದಂಬರಿ ಹಿಡಿದು ಕೂತರೆ ಸಾಕು, ಸುತ್ತಲಿನವರಿಗೆ ಏನಾದರೊಂದು ಆಗುತ್ತದೆ. ಹುಬ್ಬಳ್ಳಿಯಲ್ಲೂ ಹಾಗೇ ಇತ್ತು. ಅಮೆರಿಕದ ಎವರ್‌ಗ್ರೀನಿನಲ್ಲಿರುವ ಮಗಳ ಮನೆಗೆ ಬಂದ ಮೇಲೂ ತಪ್ಪಲಿಲ್ಲ.

ಲೈಬ್ರರಿಯಲ್ಲಿ

ಶನಿವಾರ ಲೈಬ್ರರಿಯಲ್ಲಿ ಓದುವವರ ಗುಂಪು ಸೇರುತ್ತಿತ್ತು. ಎದುರು ಮನೆಯ ಮೈಸೂರಿನ ಬೀಬಿ ಮತ್ತು ನಾನು ತಪ್ಪದೆ ಹೋಗುತ್ತಿದ್ದೆವು. ಆ ಸಲ ಕೊಟ್ಟದ್ದು ಈಚಿನ ಒಂದು ಇಂಗ್ಲಿಷ್ ಕಾದಂಬರಿ. ಲಂಡನ್ನಿನ ಗುಮಾಸ್ತನೊಬ್ಬ ಮಾಡದ ತಪ್ಪಿಗೆ ಜೈಲು ಸೇರುತ್ತಾನೆ, ಅದೂ ಒಂಟಿ ಕೋಣೆ. ಗುಂಪು ನಡೆಸುವ ಅಮೆರಿಕನ್ ಹೆಂಗಸು ಪರಕೀಯತೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಾನಿನ್ನೂ ಅರ್ಧ ಓದಿದ್ದೆ. ಕೊನೆಗೆ ಅವನು ಹೊರಗೆ ಬರುತ್ತಾನಾ ಎಂದು ಕೇಳಿದೆ. ಆಕೆ ಕಣ್ಣು ಮುಚ್ಚಿ, ನಮ್ಮಲ್ಲಿ ಯಾರು ತಾನೇ ಹೊರಗಿದ್ದೇವೆ ಎಂದರು.

ಬೀಬಿ ನನ್ನ ಕಡೆ ಬಾಗಿ, "ಅಕ್ಕಾ, ಇವ್ರೂ ಪೂರ್ತಿ ಓದಿಲ್ಲ" ಎಂದರು.

ಕಾವಲು

ಮಗಳು ಒಂದು ದಿನ ಆ ಪುಸ್ತಕದ ಹಿಂದಿನ ರಟ್ಟು ಓದಿ ಗಾಬರಿಯಾದಳು. ಅಮ್ಮನಿಗೆ ಒಂಟಿತನ, ಅದಕ್ಕೇ ಜೈಲಿನ ಕತೆ ಓದುತ್ತಾಳೆ ಎಂದು ತೀರ್ಮಾನಿಸಿದಳು. ಅಜ್ಜಿ ಈಸ್ ಫೈನ್ ಎಂದ ಮೊಮ್ಮಗಳ ಮಾತನ್ನು ಯಾರೂ ಕೇಳಲಿಲ್ಲ. ಅಳಿಯ ಇದ್ದ ಡಾಟ್‌ಕಾಮ್ ಕಂಪನಿ ಆಗಷ್ಟೇ ಮುಚ್ಚಿತ್ತು. ನನ್ನನ್ನು ಒಬ್ಬಳೇ ಬಿಡಬಾರದೆಂದು ಅವರಿಗೆ ಹೇಳಿ, ಮಗಳು ರೆಡ್‌ವುಡ್ ಸಿಟಿಯ ಆಫೀಸಿಗೆ ಹೊರಟುಬಿಡುತ್ತಿದ್ದಳು. ಅಲ್ಲಿಂದ ಆಗಾಗ ಫೋನು ಬೇರೆ. ನಾನು ಪುಸ್ತಕ ತೆರೆದರೆ ಅಳಿಯ ಬಾಯಿ ತೆರೆಯುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಉಪ್ಪಿನಕಾಯಿ ಮಾರುವ ಹೊಸ ಯೋಜನೆಯನ್ನು ಬೆಳಗಿನ ಚಹಾದಿಂದ ಸಂಜೆಯ ಚಹಾದವರೆಗೆ ವಿವರಿಸುತ್ತಿದ್ದರು.

ಕತೆಯ ಕೈದಿಯನ್ನು ತಿಂಗಳುಗಟ್ಟಲೆ ಯಾರೂ ಮಾತಾಡಿಸಿರಲಿಲ್ಲ. ಎಂಥ ಪುಣ್ಯವಂತ ಎಂದುಕೊಂಡೆ.

ಬಚ್ಚಲಲ್ಲಿ

ಪುಸ್ತಕ ವಾಪಸು ಕೊಡುವ ದಿನ ಬಂತು. ಬೇರೆ ಯಾರೋ ಕಾದಿರಿಸಿದ್ದರಿಂದ ಮತ್ತೆ ಸಿಗುವಂತಿರಲಿಲ್ಲ. ಉಳಿದದ್ದು ಕೊನೆಯ ಅಧ್ಯಾಯ. ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿದೆ. ಟಬ್ಬಿನ ಅಂಚಿನಲ್ಲಿ ಕೂತು ಓದುತ್ತಿದ್ದೆ. ಅಳಿಯ ಬಾಗಿಲು ತಟ್ಟಿ, ಆರಾಮ ಇದ್ದೀರಾ ಎಂದು ಕೇಳಿದರು. ಹೂಂ ಅಂದೆ. ಮತ್ತೆ ತಟ್ಟಿದರು. ಅಷ್ಟರಲ್ಲಿ ಕತೆಯಲ್ಲಿ ಜೈಲರು ಬೀಗದ ಕೈ ಹಿಡಿದು ಬರುತ್ತಿದ್ದ. ನಾನು ಉಸಿರು ಬಿಗಿಹಿಡಿದಿದ್ದೆ, ಹೂಂ ಅನ್ನುವುದನ್ನು ಮರೆತೆ. ಹೊರಗೆ ಅಳಿಯ ಮಗಳಿಗೆ ಫೋನು ಹಚ್ಚಿದ್ದು ಕೇಳಿಸಿತು, ಆಮೇಲೆ ಸ್ಕ್ರೂಡ್ರೈವರಿನ ಸದ್ದು.

ಬಾಗಿಲ ಹಿಡಿಕೆ ಕಳಚಿಬಿತ್ತು. ಕಿವಿಗೆ ಫೋನು ಒತ್ತಿಕೊಂಡು, ಬೆವರುತ್ತಾ ಅಳಿಯ ಒಳಗೆ ಬಂದರು. ನಾನು ಪುಸ್ತಕದಿಂದ ಕಣ್ಣು ತೆಗೆಯದೆ, "ಗದ್ದಲ ಮಾಡಬ್ಯಾಡ್ರಿ. ಅಂವ ಈಗ ಹೊರಗ ಬರ್ಲಿಕ್ಕತ್ತಾನ" ಎಂದೆ.

ಅಳಿಯ ಮೆಲ್ಲಗೆ ಹೋಗಿ ಶವರಿನ ಪರದೆ ಸರಿಸಿ ನೋಡಿದರು.