ನನ್ನ ತಂಗಿಯ ಹನ್ನೊಂದು ಸರ್ಟಿಫಿಕೇಟುಗಳು

ಬಿಟ್ಟಿ ಸಿಗುವುದನ್ನು ಬೇಡವೆನ್ನುವ ಗುಣ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಕುರಿಗಳಿಗೆ ಬಿಟ್ಟಿ ಲಸಿಕೆ ಹಾಕುತ್ತಾರೆಂದರೆ ನಮ್ಮಪ್ಪ ಪಕ್ಕದ ಊರಿನ ಕುರಿಗಳನ್ನೂ ಹೊಡೆದುಕೊಂಡು ಹೋಗುತ್ತಿದ್ದ. ಕಣ್ಣು ತಪಾಸಣೆ ಬಿಟ್ಟಿ ಎಂದಾಗ, ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿ ಕಣ್ಣು ಕಾಣುತ್ತಿದ್ದ ನಮ್ಮವ್ವ ಸರದಿಯಲ್ಲಿ ಎರಡು ಸಲ ನಿಂತಳು. ಆದರೆ ನನಗೆ ಅಂಟಿಕೊಂಡ ಚಟ ಕೇಳಿದರೆ ಅವರೂ ತಲೆ ತಗ್ಗಿಸಿಯಾರು. ತಂಬಾಕು, ಇಸ್ಪೀಟು ಎಂದಾದರೆ ಯಾರ ಮುಂದಾದರೂ ಒಪ್ಪಿಕೊಳ್ಳಬಹುದು. ಏಳನೇ ಇಯತ್ತೆ ಪಾಸಾದವನು, ಸೊಲ್ಲಾಪುರದ ಹತ್ತಿರ ಚಿಂಚೋಳಿಯ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನ ಗೇಟಿನಲ್ಲಿ ಹಗಲು ಪಾಳಿಯ ವಾಚ್‌ಮನ್ನು, ನಾನು ಇಂಗ್ಲಿಷ್ ಶಿಕ್ಷಕರಿಗಾಗಿ ಬಿಟ್ಟಿಯಾಗಿ ನಡೆಯುವ ಆನ್‌ಲೈನ್ ಕಾರ್ಯಾಗಾರಗಳ ಚಟಕ್ಕೆ ಬಿದ್ದಿದ್ದೆ. ಅದೂ ನನ್ನ ಹೆಸರಿನಲ್ಲಲ್ಲ, ತಂಗಿಯ ಹೆಸರಿನಲ್ಲಿ.

ನಾನು ಶಾಲೆ ಬಿಟ್ಟದ್ದು ಬಡತನದಿಂದ ಎಂದು ಹೇಳಿ ನಿಮ್ಮ ಮರುಕ ಗಿಟ್ಟಿಸಬಹುದಿತ್ತು. ಆದರೆ ನಮ್ಮದು ಎಂಬತ್ತು ಕುರಿಯ ಮನೆ. ಅಪ್ಪ ನನ್ನನ್ನು ಮೂರು ಸಲ ಶಾಲೆಗೆ ಬಿಟ್ಟುಬಂದ. ನಾನು ಮೂರು ಸಲವೂ ಕಂಪೌಂಡು ಹಾರಿ ಅವನಿಗಿಂತ ಮೊದಲೇ ಮನೆ ಮುಟ್ಟಿದೆ. ಕಾರಣ ಇಂಗ್ಲಿಷ್. ಗುರೂಜಿ ಒಬ್ಬೊಬ್ಬರಿಂದಲೇ ಪಾಠ ಓದಿಸುತ್ತ ಬರುವಾಗ, ನನಗಿಂತ ಮೂರು ಹುಡುಗರ ಆಚೆ ಇರುವಾಗಲೇ ನಾನು ಕಿಟಕಿಯಿಂದ ಕಂಪೌಂಡಿನ ಎತ್ತರ ಅಳೆಯುತ್ತಿದ್ದೆ. ತಂಗಿ ಸುನಂದಾ ಹಾಗಲ್ಲ. ಓದಿದಳು, ಡಿ.ಎಡ್. ಮಾಡಿದಳು, ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಎಂಟು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಾಳೆ. ಐದು ನಿಮಿಷ ತಡವಾಗಿ ಹೋದರೆ ಹಾಜರಿ ಪುಸ್ತಕದಲ್ಲಿ ಐದು ನಿಮಿಷ ತಡ ಎಂದು ತಾನೇ ಬರೆದಿಡುವ ಜಾತಿ. ಅಂಥವಳಿಗೆ ನಾನು ಅಣ್ಣ.

ಶುರುವಾದದ್ದು ತೀರಾ ಸಾದಾ ರೀತಿಯಲ್ಲಿ. ಒಂದು ಶನಿವಾರ ಅವಳ ಫೋನು ಬಂತು. "ಯಣ್ಣಾ, ಇಲ್ಲಿ ರೇಂಜ್ ಇಲ್ಲ. ಲಿಂಕ್ ಕಳಸೀನಿ, ನನ್ನ ಹೆಸರ್ಲೆ ಕೂಡಿಕೋ. ನಾ ನೀರಿನ ಟಾಕಿ ಏರೂತನಕ, ಹತ್ತ ನಿಮಿಷ ಅಷ್ಟ." ಎಸ್‌ಟಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೇ, ಹಾಗೆ. ಅವಳಿಗೆ ಟಾಕಿಯ ಮೇಲೂ ರೇಂಜ್ ಸಿಗಲಿಲ್ಲ. "ಹೋಗ್ಲಿ ಬಿಡು, ಇದು ನನ್ನ ಲೆಕ್ಕಕ್ಕಿಲ್ಲ, ನೀ ಬಂದ್ ಮಾಡು" ಎಂದಳು. ಆದರೆ ಅಷ್ಟರಲ್ಲಿ ಟವೆಲ್ಲೇ ಸೀಟಿನಲ್ಲಿ ಆರಾಮಾಗಿ ಕಾಲು ಚಾಚಿಬಿಟ್ಟಿತ್ತು.

ಏನು ಹೇಳಲಿ ಆ ಸುಖ! ಪರದೆಯ ಮೇಲಿನ ಮೇಡಂ ನಗುತ್ತಿದ್ದರು. ಹತ್ತು ನಿಮಿಷ ಕಳೆದರೂ ಯಾರಿಗೂ ಬೈಯಲಿಲ್ಲ. ನನ್ನ ಆಯುಷ್ಯದಲ್ಲಿ ಇಂಗ್ಲಿಷ್ ಅಷ್ಟು ಹೊತ್ತು ಬೈಗುಳವಿಲ್ಲದೆ ಇದ್ದದ್ದೇ ಇಲ್ಲ. ಅವರೇನೋ ಕೇಳಿದರು, ಎಲ್ಲರೂ 'ಯೆಸ್' ಎಂದು ಟೈಪು ಮಾಡಿದರು, ನಾನೂ ಮಾಡಿದೆ. "ವೆರಿ ಗುಡ್, ಸುನಂದಾ!" ಎಂದರು. ನನಗೆ ಕಿವಿಯವರೆಗೆ ಬಿಸಿಯಾಯಿತು. ಕೊನೆಗೆ ಮೇಡಂ ಮುಂದಿನ ಶನಿವಾರದ ಲಿಂಕು ಹಾಕಿದಾಗ, ತಂಗಿಗೆ ಹೇಳದೆ ಫಾರ್ಮು ನಾನೇ ತುಂಬಿದೆ. ಹೆಸರು: ಸುನಂದಾ. ಅನುಭವ: ಎಂಟು ವರ್ಷ. ಇಮೇಲ್: ಅವಳ ಹಳೆಯ ಮೆಸೇಜಿನಲ್ಲಿದ್ದ ಶಾಲೆಯ ವಿಳಾಸ. ನಿಮ್ಮ ತರಗತಿಯ ದೊಡ್ಡ ತೊಂದರೆ ಏನು ಎಂದು ಕೇಳಿದ್ದರು. ಇಲ್ಲಾದರೂ ಖರೆ ಹೇಳೋಣವೆಂದು 'ಟ್ರಕ್ ಹಾರ್ನ್' ಎಂದು ಬರೆದೆ. ರಸ್ತೆ ಪಕ್ಕದ ಶಾಲೆಗಳ ಕಷ್ಟದ ಬಗ್ಗೆ ಮೇಡಂ ಐದು ನಿಮಿಷ ಮರುಗಿದರು.

ಮೈ ಆಡಿಸುತ್ತ ಭಾಷೆ ಕಲಿಸುವ ಒಂದು ವಿಧಾನವಿದೆ. 'ಜಂಪ್' ಎಂದರೆ ಹಾರಬೇಕು, 'ಟರ್ನ್' ಎಂದರೆ ತಿರುಗಬೇಕು. ನನ್ನ ಕ್ಯಾಮೆರಾ ಬಂದ್ ಇತ್ತು, ಸುಮ್ಮನೆ ಕೂತರೂ ನಡೆಯುತ್ತಿತ್ತು. ಆದರೆ ವಿದ್ಯೆಯಲ್ಲಿ ಮೋಸ ಮಾಡಬಾರದೆಂದು ಗೇಟಿನ ಮುಂದೆ ಯೂನಿಫಾರ್ಮಿನಲ್ಲೇ ಹಾರಿದೆ, ತಿರುಗಿದೆ, ಮೂಗು ಮುಟ್ಟಿಕೊಂಡೆ. ಒಳಗೆ ಬರಲು ಕಾದಿದ್ದ ಟ್ರಕ್ಕಿನ ಡ್ರೈವರ್ ತಲೆ ಹೊರಹಾಕಿ, "ಕಾಯ್ ಝಾಲಂ ಮಾಮಾ? ಮುಂಗ್ಯಾ ಚಾವಲ್ಯಾ ಕಾ?" ಎಂದು, ಇರುವೆ ಕಚ್ಚಿದವೇನೋ ಎಂಬಂತೆ ಕೇಳಿದ. ನಾನು "ಪ್ಲೀಸ್ ವೇಟ್" ಎಂದೆ. ಅವನು ಇಂಜಿನ್ ಆರಿಸಿ ಕೈಕಟ್ಟಿ ಕೂತ. ಮರಾಠಿಯಲ್ಲಿ ಹೇಳಿದ್ದರೆ ಕೂರುತ್ತಿರಲಿಲ್ಲ.

ಹೀಗೆ ತಿಂಗಳುಗಳು ಉರುಳಿದವು. ಶಾಲೆಯ ಇಮೇಲನ್ನು ಹೆಡ್‌ಮಾಸ್ತರರು ದೀಪಾವಳಿಗೊಮ್ಮೆ ತೆರೆಯುವವರು. ಈ ಸಲ ತೆರೆದಾಗ ಸುನಂದಾ ಹೆಸರಿನ ಹನ್ನೊಂದು ಸರ್ಟಿಫಿಕೇಟುಗಳು ಸಾಲಾಗಿ ಕೂತಿದ್ದವಂತೆ. ಎಲ್ಲವನ್ನೂ ಪ್ರಿಂಟು ಹಾಕಿಸಿ ಆಫೀಸಿನ ಗೋಡೆಗೆ ಅಂಟಿಸಿದರು. ತಾಲೂಕು ಕಚೇರಿಗೂ ವರದಿ ಹೋಯಿತು. ಒಂದು ಶನಿವಾರ ಅಕ್ಕಲಕೋಟದಲ್ಲಿ ತಾಲೂಕಿನ ಇಂಗ್ಲಿಷ್ ಶಿಕ್ಷಕರನ್ನೆಲ್ಲ ಕೂಡಿಸುವುದು, ಅವರ ಮುಂದೆ ಸುನಂದಾ ಬಾಯಿ ಮಕ್ಕಳಿಗೆ ಒಂದು ತಾಸು ಮಾದರಿ ಪಾಠ ಮಾಡುವುದು ಎಂದು ನಿಗದಿಯಾಯಿತು.

ಅವಳ ಫೋನು ಬಂತು. ದನಿ ತಣ್ಣಗಿತ್ತು. "ಯಣ್ಣಾ, ನಾ ಹನ್ನೊಂದ ಕಾರ್ಯಾಗಾರಕ್ಕ ಕುಂತೀನಂತ. ನನಗ ಗೊತ್ತಿಲ್ಲ. ನಿನಗೇನರ ಗೊತ್ತೈತೇನು?"

"ಬರೇ ಹನ್ನೊಂದು? ಹದಿಮೂರ ಬರಬೇಕಿತ್ತಲ್ಲ!" ಎಂದೆ. ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಆಗಲೇ ಹೊರಬಿದ್ದಿತ್ತು.

"ಎಂಟ ವರ್ಷದಾಗ ಒಂದ ಸುಳ್ಳ ಹಾಜರಿ ಹಾಕಿಲ್ಲ ನಾ. ಈಗ ಹನ್ನೊಂದು ಸುಳ್ಳು ಗ್ವಾಡಿಗಿ ಹತ್ಯಾವ. ಖರೇ ಹೇಳಿದ್ರ ನಿನ್ನ ಮಾನ ಹೋಗತೈತಿ, ಹೇಳದಿದ್ರ ನಂದು. ಏನ್ ಮಾಡ್ಲಿ, ನೀನ ಹೇಳು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೇಳಿದಳಲ್ಲ, ಅದನ್ನು ತಡೆಯಲಾಗಲಿಲ್ಲ.

ವಾರದ ರಜೆಗೆ ತಂಗಿಯ ಹಳ್ಳಿಗೆ ಹೋದೆ. ಕಲಿತದ್ದನ್ನೆಲ್ಲ ಅವಳಿಗೆ ಒಂದೇ ದಿನದಲ್ಲಿ ಕಲಿಸಿಬಿಡುವುದು ನನ್ನ ಉಪಾಯ. ಅಂಗಳದಲ್ಲಿ ಹಾರಿ ತೋರಿಸಿದೆ, ತಿರುಗಿ ತೋರಿಸಿದೆ, 'ಸ್ಲೀಪ್' ಎಂದು ಮಣ್ಣಿನಲ್ಲೇ ಅಂಗಾತ ಬಿದ್ದೆ. ಸುನಂದಾ ಮುಖ ಬಿಗಿದುಕೊಂಡೇ ನೋಡುತ್ತಿದ್ದಳು. ನಾನು ಮಲಗಿದಲ್ಲಿಂದಲೇ ಪರದೆಯ ಮೇಡಂ ದನಿಯಲ್ಲಿ "ಡಿಯರ್ ಟೀಚರ್ಸ್, ಎನಿ ಕ್ವೆಶ್ಚನ್?" ಎಂದಾಗ ಕಂಬ ಹಿಡಿದುಕೊಂಡು ನಗತೊಡಗಿದಳು. ಕಣ್ಣೀರು ಒರೆಸಿಕೊಂಡು, "ಶನಿವಾರ ಯೂನಿಫಾರ್ಮ್ ಹಾಕ್ಕೊಂಡ ಅಕ್ಕಲಕೋಟಕ್ಕ ಬಾ" ಎಂದಳು.

"ಯಾಕ?"

"ಬಾ ಅಂದ್ರ ಬಾ."

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಿಕ್ಷಣಾಧಿಕಾರಿ ಸಾಹೇಬರು, ವೇದಿಕೆಯ ಬಳಿ ನಾಲ್ಕನೇ ಇಯತ್ತೆಯ ಮಕ್ಕಳು, ಕೊನೆಯ ಸಾಲಿನಲ್ಲಿ ನಾನು. ಸುನಂದಾ ಕೈಯೊಳಗಿನ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. "ನಮಸ್ಕಾರ್ರಿ. ಮೊದಲ ಒಂದ ಮಾತು. ಆ ಹನ್ನೊಂದು ಸರ್ಟಿಫಿಕೇಟ್ ನನ್ನವಲ್ರಿ" ಎಂದಳು. "ಕಡೀ ಸಾಲಿನ್ಯಾಗ ಟೊಪಗಿ ಹಾಕ್ಕೊಂಡ ಕುಂತಾನಲ್ರಿ, ನಮ್ಮಣ್ಣ, ಅವನವು. ಏಳನೇ ಇಯತ್ತಿ ಪಾಸ್. ಹೆಸರ ನಂದು, ಕಲತಾಂವ ಅವ. ಖರೇನ ಕಲತಾನೋ ಇಲ್ಲೋ, ಇವತ್ತ ಹುಡುಗ್ರು ಪರೀಕ್ಷಾ ಮಾಡ್ತಾರ. ಬಾರೋ ಯಣ್ಣಾ."

ಹಾರಲು ಕಂಪೌಂಡು ಹುಡುಕಿದೆ. ಸಿಗಲಿಲ್ಲ. ಇನ್ನೂರು ಕಣ್ಣುಗಳ ನಡುವೆ ನಡೆದುಹೋಗಿ ಮಕ್ಕಳ ಮುಂದೆ ನಿಂತೆ. "ಇವತ್ತ ನೀವು ಟೀಚರ್, ಇಂವ ಹುಡುಗ. ಇಂಗ್ಲಿಷಿನ್ಯಾಗ ಏನ್ ಹೇಳ್ತೀರಿ ಹಂಗ ಮಾಡ್ತಾನ" ಎಂದಳು ಸುನಂದಾ. ಮಕ್ಕಳು ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. "ಮಾಮಾ, ಜಂಪ್" ಎಂದು ಯಾರೋ ಪಿಸುಗುಟ್ಟಿದರು. ಹಾರಿದೆ. ಅಷ್ಟೇ ಸಾಕಾಯಿತು. ಮಾಮಾ ಟರ್ನ್, ಮಾಮಾ ಸ್ಲೀಪ್, ಮಾಮಾ ಗೆಟಪ್, ಮಾಮಾ ರನ್! ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಬಾಯಿ ಬಿಡದ ಮಕ್ಕಳೂ ಬೆಂಚು ಹತ್ತಿ ಕೂಗುತ್ತಿದ್ದರು. ಒಬ್ಬನಂತೂ "ಮಾಮಾ, ಟಚ್ ಸಾಹೇಬ!" ಎಂದುಬಿಟ್ಟ. ಮುಟ್ಟಲೋ ಬಿಡಲೋ ತಿಳಿಯದೆ ನಾನು ಎತ್ತಿದ ಕಾಲನ್ನು ಊರದೆ ನಿಂತೇಬಿಟ್ಟೆ. ಸಾಹೇಬರೇ ನಗು ತಡೆಯಲಾರದೆ ಕೈ ಮುಂದೆ ಚಾಚಿದರು. ಕೊನೆಗೆ, ಅಷ್ಟು ಹೊತ್ತೂ ಸುಮ್ಮನಿದ್ದ ಒಂದು ಪುಟ್ಟ ಹುಡುಗಿ ಎದ್ದು ನಿಂತು, ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ, "ಮಾಮಾ, ಗೋ ಹೋಮ್" ಎಂದಳು. ಜೀವನದಲ್ಲಿ ಇಷ್ಟು ಪೂರ್ತಿಯಾಗಿ ಅರ್ಥವಾದ ಇಂಗ್ಲಿಷ್ ಮಾತು ಇನ್ನೊಂದಿಲ್ಲ.

ಸಾಹೇಬರು ನಕ್ಕು ಮುಗಿಸಿದ ಮೇಲೆ ನನ್ನನ್ನು ಬದಿಗೆ ಕರೆದು ಚೆನ್ನಾಗಿ ಬೈದರು. ತಂಗಿಯ ಪಾಠವನ್ನು ಮಾತ್ರ ಎಲ್ಲರ ಮುಂದೆ ಹೊಗಳಿದರು. ಎರಡೂ ನ್ಯಾಯವೇ. ಹೆಡ್‌ಮಾಸ್ತರರು ಸರ್ಟಿಫಿಕೇಟುಗಳನ್ನು ಕಿತ್ತಾಗ ಜೊತೆಗೆ ಬಣ್ಣವೂ ಕಿತ್ತುಬಂದು ಗೋಡೆಯ ಮೇಲೆ ಹನ್ನೊಂದು ಬಿಳಿ ಚೌಕಗಳು ಉಳಿದಿವೆ.

ಮರುವಾರ ಸುನಂದಾ ಒಂದು ಕಾಗದ ತಂದು ನನ್ನ ಮುಂದಿಟ್ಟಳು. ಶಾಲೆಗೆ ಹೋಗದೆ ಹೊರಗಿನಿಂದ ಹತ್ತನೇ ಪರೀಕ್ಷೆಗೆ ಕೂರುವವರು ತುಂಬುವ ಹದಿನೇಳು ನಂಬರಿನ ಫಾರ್ಮು. ನನ್ನ ಹೆಸರು, ಊರು, ಹುಟ್ಟಿದ ದಿನ, ಎಲ್ಲ ಅವಳ ದುಂಡಗಿನ ಅಕ್ಷರದಲ್ಲಿ ಆಗಲೇ ತುಂಬಿತ್ತು. ಸಹಿಯೊಂದು ಬಾಕಿ.

"ನನ್ನ ಒಂದ ಮಾತ ಕೇಳದನ ತುಂಬೀಯಲ್ಲ!" ಎಂದೆ.

"ಯಾರ್ನ ನೋಡಿ ಕಲತೆ ಅಂತಿ?" ಎಂದಳು.

ಈಗ ಪ್ರತಿ ವಾರದ ರಜೆಯೂ ಅವಳ ಮುಂದೆ ಇಂಗ್ಲಿಷ್ ಪಾಠ. ಬಂದ್ ಮಾಡಲು ಕ್ಯಾಮೆರಾ ಇಲ್ಲ. 'ಡಿಯರ್' ಎನ್ನುವವರೂ ಇಲ್ಲ. ಮೊನ್ನೆ ಧೈರ್ಯ ಮಾಡಿ ಹೇಳಿದೆ: ತಪ್ಪು ಮಾಡಿದರೆ ಬೈಯಬಾರದು, ಹತ್ತು ನಿಮಿಷಕ್ಕೊಮ್ಮೆಯಾದರೂ ನಗಬೇಕು, ಚಿಕ್ಕ ಉತ್ತರಕ್ಕೂ ವೆರಿ ಗುಡ್ ಅನ್ನಬೇಕು ಎಂದು ಕಾರ್ಯಾಗಾರದಲ್ಲಿ ಮೇಡಂ ಹೇಳಿದ್ದಾರೆ. ಸುನಂದಾ ಪುಸ್ತಕದಿಂದ ತಲೆ ಎತ್ತಲಿಲ್ಲ. "ಆ ಕಾರ್ಯಾಗಾರಕ್ಕ ನಾ ಕುಂತಿಲ್ಲಪಾ, ನೀ ಕುಂತಿದ್ದಿ" ಎಂದು, ತಪ್ಪಿದ ಸ್ಪೆಲ್ಲಿಂಗನ್ನು ಇಪ್ಪತ್ತು ಸಲ ಬರೆಯಲು ಹೇಳಿದಳು.