ಸಾಹೇಬರ ಸುತ್ತ ಸುಳಿ

ಎಲ್ಲ ಅನಾಹುತಕ್ಕೂ ಮೂಲ ಒಂದು ಹಿತ್ತಾಳೆ ಲೆನ್ಸು. ಲೋಟದಷ್ಟು ದಪ್ಪ, ನೂರು ವರ್ಷ ಹಳೆಯದು. ಅದರಲ್ಲಿ ತೆಗೆದ ಚಿತ್ರದ ನಡುಭಾಗವಷ್ಟೇ ಸ್ಪಷ್ಟ; ಸುತ್ತಲಿನದೆಲ್ಲ ಕಡಗೋಲು ಹಾಕಿ ಕಡೆದಂತೆ ಸುಳಿ ಸುತ್ತಿರುತ್ತದೆ. ಬುದ್ಧಿಯಿದ್ದವರು ಇದನ್ನು ದೋಷ ಎನ್ನುತ್ತಾರೆ. ರೆಕಾರ್ಡ್ ರೂಮಿನ ಗುಮಾಸ್ತ ಕಲೆ ಎನ್ನುತ್ತಿದ್ದ. ಆ ಕಲೆಗಾಗಿ ಟ್ರಂಕಿನಷ್ಟು ದೊಡ್ಡ ಮರದ ಕ್ಯಾಮೆರಾ ಮಾಡಿಸಿ, ಹೆಂಡತಿಯಿಂದ ಮೂರು ಹೊತ್ತೂ ಬೈಸಿಕೊಳ್ಳುತ್ತಿದ್ದ.

ನೆಲಮಾಳಿಗೆಯಲ್ಲಿ, ಒಂದೇ ಒಂದು ಗವಾಕ್ಷಿಯ ಬೆಳಕಿನಲ್ಲಿ ಹನ್ನೊಂದು ವರ್ಷ ಕಡತ ಜೋಡಿಸಿದವನಿಗೆ ಕಚೇರಿ ಇಟ್ಟ ಹೆಸರು ಹೆಗ್ಗಣ. ಮಹಡಿಯ ಹಾಲ್‌ನಲ್ಲಿ ಕಿಟಕಿ ಪಕ್ಕ ಒಂದು ಮೇಜು ಸಿಕ್ಕಿಬಿಟ್ಟರೆ ಜನ್ಮ ಸಾರ್ಥಕ ಎಂದುಕೊಂಡಿದ್ದ. ಅಂದು ಸಾಹೇಬರ ನಿವೃತ್ತಿ.

"ಗ್ರೂಪ್ ಫೋಟೋ ನಾನೇ ತೆಗೀತೀನಿ ಸಾರ್" ಎಂದು ಹಲ್ಲು ಕಿರಿದ.

"ಸಂಜೆಯೊಳಗೆ ಕೈಗೆ ಕೊಡು. ಚೆನ್ನಾಗಿ ಬಂದ್ರೆ ನಿನ್ನ ಜಾಗದ ವಿಷಯ ಇತ್ಯರ್ಥ ಮಾಡೇ ಹೋಗ್ತೀನಿ" ಎಂದರು ಸಾಹೇಬರು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ಪೆದ್ದನಿಗೆ ಅಷ್ಟೇ ಸಾಕಾಯಿತು.

ಹಿಂದಿನ ಅಂಗಳದ ಮರದ ಕೆಳಗೆ ಬೆಂಚು ಹಾಕಿ ಎಲ್ಲರನ್ನೂ ಸೇರಿಸಿದ. ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಯಾರೂ ಕರೆಯದಿದ್ದರೂ ಹೆಡ್ ಕ್ಲರ್ಕ್ ತಮ್ಮ ತಲೆಯನ್ನೂ ತೂರಿಸಿದರು.

"ಅಯ್ಯಯ್ಯೋ, ಸಾಹೇಬ್ರು ತಲೆಕೆಳಗಾಗಿದ್ದಾರೆ!"

"ಗಾಜಿನ ಮೇಲೆ ಹಾಗೇ ಕಾಣೋದು ಸಾರ್. ಪ್ರಿಂಟಲ್ಲಿ ನೆಟ್ಟಗಾಗತ್ತೆ."

"ಕ್ಯಾಷಿಯರ್ ಮುಖ ಯಾಕಯ್ಯಾ ಹೀಗೆ ಕಲಸಿಹೋಗಿದೆ?"

"ಮಧ್ಯ ಇರೋರು ಮಾತ್ರ ಸ್ಪಷ್ಟ ಸಾರ್. ಅಂಚಲ್ಲಿರೋರು..."

ನಾಲಗೆ ಕಚ್ಚಿಕೊಂಡ. ಆದರೆ ಜೇನುಗೂಡಿಗೆ ಕಲ್ಲು ಬಿದ್ದಾಗಿತ್ತು. ಕ್ಯಾಷಿಯರ್ ಬಿಸಿಲಿನ ನೆಪ ಹೇಳಿ ನಡುವಿಗೆ ಸರಿದರು. ಟೈಪಿಸ್ಟ್ ಮೇಡಂ ಬೆನ್ನುನೋವೆಂದು ಸಾಹೇಬರ ಮಗ್ಗುಲಿಗೇ ಕುಳಿತರು. ಹೆಡ್ ಕ್ಲರ್ಕ್ ಓಡಿ ಬಂದು ಸಾಹೇಬರ ಹೆಗಲ ಮೇಲೆ ಗದ್ದ ಊರಿದರು. ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ಬೆವರದ ಜನ ಒಂದು ಫೋಟೋಕ್ಕಾಗಿ ಬೆವರು ಸುರಿಸಿದರು. ಬೆಂಚಿನ ಕಾಲು ಮುರಿಯಿತು. ಇಡೀ ಸಿಬ್ಬಂದಿ ಸಾಹೇಬರ ಮೇಲೆ ಬಿತ್ತು.

"ದೂರ ಹೋಗ್ರೀ ಎಲ್ರೂ! ಯಾರೂ ನನ್ನ ಹತ್ರ ಸುಳೀಬೇಡಿ!" ಎಂದು ಸಾಹೇಬರು ಧೂಳು ಕೊಡವಿಕೊಂಡು ಒಬ್ಬರೇ ನಡುವೆ ನಿಂತರು. ಉಳಿದವರು ಮುಖ ಊದಿಸಿಕೊಂಡು ಅಂಚಿಗೆ ಹೋದರು. ಗುಮಾಸ್ತ ಲೆನ್ಸಿನ ಮುಚ್ಚಳ ತೆಗೆದು, ಮೂರು ಎಣಿಸಿ, ಮುಚ್ಚಿದ.

ಇನ್ನು ಫಿಲ್ಮು ತೊಳೆಯಲು ಕತ್ತಲೆ ಬೇಕು. ಅದಕ್ಕೇನು ಬರ, ಇದೆಯಲ್ಲ ರೆಕಾರ್ಡ್ ರೂಮು! ಗವಾಕ್ಷಿಗೆ ರಟ್ಟು ಬಡಿದು ಕೆಲಸಕ್ಕಿಳಿದ. ಹೆಡ್ ಕ್ಲರ್ಕ್ ಬಂದು, "ನನ್ನ ಮುಖ ಸ್ವಲ್ಪ ಸರಿಮಾಡಯ್ಯಾ" ಎಂದು ಬಾಗಿಲು ನೂಕಿದರು. ಗುಮಾಸ್ತ ಬೆನ್ನನ್ನು ಬಾಗಿಲಿಗೆ ಕೊಟ್ಟು, ಕೈಯಲ್ಲಿ ಫಿಲ್ಮು ತೊಳೆಯುವ ತಟ್ಟೆ ಅಲುಗಿಸುತ್ತ ನಿಂತ. ಆಮೇಲೆ ಸಾಹೇಬರೇ ಬಂದು ತಟ್ಟಿದರು.

"ತೆಗೀಬೇಡಿ ಸಾರ್! ಒಂದು ಚೂರು ಬೆಳಕು ಬಂದ್ರೂ ನೀವು ಅಳಿಸಿಹೋಗ್ತೀರಿ!"

ಸಾಹೇಬರು ಗಾಬರಿಯಿಂದ ಹಿಂದೆ ಸರಿದು, ಏನೋ ಯೋಚಿಸುತ್ತ ಮೇಲೆ ಹೋದರು.

ಸಂಜೆ ಮಹಡಿಯ ಹಾಲ್‌ನಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ಚಿತ್ರ ಕೈಯಿಂದ ಕೈಗೆ ಹೋಯಿತು. ಕ್ಯಾಷಿಯರ್‌ಗೆ ಮೂರು ಕಿವಿ. ಮೇಡಂ ಮರದ ಎಲೆಗಳ ಜೊತೆ ಗಿರಗಿರ ತಿರುಗುತ್ತಿದ್ದರು. ಹೆಡ್ ಕ್ಲರ್ಕ್ ಯಾವುದೆಂದು ಯಾರಿಗೂ ತಿಳಿಯಲಿಲ್ಲ.

"ಇದೇನು ಫೋಟೋನಾ? ಹೆಗ್ಗಣನ ಬುದ್ಧಿ ತೋರಿಸಿಬಿಟ್ಟ!" ಎಂದು ಕ್ಯಾಷಿಯರ್ ಕಿರುಚಿದರು.

ಸಾಹೇಬರು ಮಾತ್ರ ಚಿತ್ರದಿಂದ ಕಣ್ಣು ಕೀಳಲಿಲ್ಲ.

"ಈ ಆಫೀಸಿನ ನಿಜವಾದ ಚಿತ್ರ ಇದೇ ಕಣಯ್ಯಾ. ನಾನೊಬ್ಬ ನೆಟ್ಟಗೆ ನಿಂತಿದ್ದೆ, ಮಿಕ್ಕವರು ಸುಮ್ಮನೆ ಸುತ್ತುತಾ ಇದ್ರು!"

ಅವರು ಜೇಬಿನಿಂದ ಕಾಗದ ತೆಗೆದರು. ಸೇವೆಯ ಕೊನೆಯ ಸಹಿ ಅದರ ಮೇಲಿತ್ತು. ಗುಮಾಸ್ತನ ಕಣ್ಣು ಆಗಲೇ ಕಿಟಕಿ ಪಕ್ಕದ ಮೇಜಿನ ಮೇಲಿತ್ತು.

"ಇಂಥ ಕಲಾವಿದನಿಗೆ ಬೆಳಕೇ ಶತ್ರು. ಅದಕ್ಕೇ ರೆಕಾರ್ಡ್ ರೂಮನ್ನ ನೀನು ರಿಟೈರಾಗೋವರೆಗೂ ನಿನಗೇ ಕಾಯಂ ಮಾಡಿದ್ದೀನಿ!"

ಅಂದು ಮೊದಲ ಬಾರಿಗೆ ಕಚೇರಿಯವರೆಲ್ಲ ಮನಸಾರೆ ಚಪ್ಪಾಳೆ ತಟ್ಟಿದರು.

"ಸಾರ್... ಕಿಟಕಿ..." ಎಂದು ಗುಮಾಸ್ತ ತೊದಲಿದ.

"ಗೊತ್ತು, ಅದನ್ನೂ ಮರೆತಿಲ್ಲ" ಎಂದು ಸಾಹೇಬರು ಬೆನ್ನು ತಟ್ಟಿದರು. "ಗವಾಕ್ಷಿಗೆ ಇಟ್ಟಿಗೆ ಕಟ್ಟೋಕೆ ಗಾರೆಯವನು ಆಗಲೇ ಕೆಳಗಿಳಿದಿದ್ದಾನೆ."