ಅನ್ಸಾಫನ ಫ್ಯಾನು ಸುಮ್ಮನಾದ ದಿನ

ಕಕ್ಕಿಂಜೆಯ ಮೂಸಬ್ಬನವರ ಮನೆಯ ಮೇಲಂತಸ್ತಿನಲ್ಲಿ ಒಂದು ಕಂಪ್ಯೂಟರ್ ಹಿಟ್ಟಿನ ಗಿರಣಿಯ ಹಾಗೆ ಗರ್ಜಿಸುತ್ತಿತ್ತು. ಅದರ ಯಜಮಾನ ಮೂಸಬ್ಬನವರ ಏಕೈಕ ಅಳಿಯ ಅನ್ಸಾಫ್. ದುಬೈಯ ಒಬ್ಬ ಕಂಟ್ರಾಕ್ಟರನಿಗೆ ಇನ್ನೂ ಕಟ್ಟದ ಮನೆಗಳ ಚಿತ್ರ ಬರೆದು ಕಳಿಸುವುದು ಅವನ ಉದ್ಯೋಗ. ಹೆಂಡತಿ ಫಾಯಿಝಾ ಹೆರಿಗೆಗೆಂದು ತವರಿಗೆ ಹೊರಟಾಗ, ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಅದಕ್ಕೂ ಬೆಲ್ಟು ಹಾಕಿ, ಮೂಡುಬಿದಿರೆಯಿಂದ ಅವನೂ ಬಂದುಬಿಟ್ಟಿದ್ದ.

ನಿಜ ಹೇಳಬೇಕೆಂದರೆ ಮನೆಯ ಚಿತ್ರ ಬರೆಯುವಾಗ ಆ ಯಂತ್ರ ಉಸಿರೇ ಎತ್ತುತ್ತಿರಲಿಲ್ಲ. ಗರ್ಜನೆಯೆಲ್ಲ ಗೇಮ್ ಆಡುವಾಗ. ಆಗ ಒಳಗಿನ ಗ್ರಾಫಿಕ್ಸ್ ಕಾರ್ಡು ಬಿಸಿಯೇರಿ, ಅದರ ಮೂರೂ ಫ್ಯಾನುಗಳು ಜೀವ ಬಿಟ್ಟು ತಿರುಗುತ್ತಿದ್ದವು. ಆದರೆ ಮೂಸಬ್ಬನವರ ಲೆಕ್ಕಾಚಾರವೇ ಬೇರೆ. ಸದ್ದು ಜೋರಾದಷ್ಟೂ ಅಳಿಯನಿಗೆ ಕೆಲಸ ಜೋರು ಎಂದು ಅವರು ಬಜಾರಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅಳಿಯನನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಎನ್ನಬೇಡಿ. ಆ ಮನೆಯಲ್ಲಿ ಅಳಿಯನೆಂದರೆ ತಲೆಯ ಮೇಲೆ ಹೊತ್ತುಕೊಳ್ಳುವ ವಸ್ತು. ಅವನನ್ನು ನೇರವಾಗಿ ಕೇಳುವ ಪದ್ಧತಿಯಿಲ್ಲ, ಏನಿದ್ದರೂ ಊಹಿಸಿಕೊಳ್ಳಬೇಕು.

ಆ ಭಾನುವಾರ ಬೆಳಿಗ್ಗೆಯೇ ಅವನ ಆಟದ ತಂಡದ ನಾಯಕ ಇಬ್ರಾಹಿಂ ಖಲೀಲ್ ಫೋನು ಮಾಡಿದ.

"ಇವತ್ತು ಸಂಜೆ ಫೈನಲ್. ನಿನ್ನ ಮೈಕಿನಲ್ಲಿ ನಮಗೆ ಗಿರಣಿ ಮಾತ್ರ ಕೇಳ್ತದೆ ಮಾರಾಯ. ಇವತ್ತೂ ಆ ಸದ್ದು ಬಂದರೆ ನಿನ್ನನ್ನು ತೆಗೆದು ಬೇರೆಯವನನ್ನು ಹಾಕ್ತೇನೆ. ಆಮೇಲೆ ಬೇಜಾರು ಮಾಡ್ಬೇಡ."

ಶಾಲೆಯಲ್ಲಿ ಲಿಂಬೆ-ಚಮಚದ ಓಟದಲ್ಲೂ ಲಿಂಬೆ ಬೀಳಿಸಿದವನು ಅನ್ಸಾಫ್. ಜೀವನದಲ್ಲಿ ಒಂದೇ ಒಂದು ಸಲ ಏನನ್ನಾದರೂ ಗೆಲ್ಲಬೇಕೆಂಬ ಆಸೆ ಅವನಿಗಿತ್ತು. ಆ ಅವಕಾಶ ಈ ಸಂಜೆಗೆ ಬಂದು ನಿಂತಿತ್ತು.

ಬಿಸಿ ಕಡಿಮೆಯಾಗಲಿ ಎಂದು, ವಿಡಿಯೋ ನೋಡಿಕೊಂಡು ಕಾರ್ಡಿಗೆ ಹೋಗುವ ವೋಲ್ಟೇಜು ಇಳಿಸಿ ಗೇಮ್ ಹಾಕಿದ. ಪರದೆ ಕಪ್ಪಾಯಿತು. ಸರಿಪಡಿಸಿ ಇನ್ನೊಮ್ಮೆ ಇಳಿಸಿದ. ಇನ್ನೊಮ್ಮೆ ಕಪ್ಪಾಯಿತು. ಅಷ್ಟರಲ್ಲಿ ಬಾವಿಯ ಪಂಪು ನೋಡಲು ಬಂದಿದ್ದ ಪಕ್ಕದ ಮನೆಯ ಮುಂಡಪ್ಪ, ಮೇಲಿನ ಸದ್ದು ಕೇಳಿ, ಸ್ಪ್ಯಾನರು ಹಿಡಿದೇ ಮೆಟ್ಟಿಲು ಹತ್ತಿದರು. ಲೋಕದ ಸಕಲ ಸದ್ದಿಗೂ ಬೇರಿಂಗೇ ಕಾರಣ ಎಂದು ನಂಬಿದ ಮನುಷ್ಯ ಅವರು.

"ಬೇರಿಂಗ್ ಹೋಗಿದೆ ಮಾರಾಯ್ರೆ. ಬಿಚ್ಚುವ" ಎಂದರು.

ಬೇಡ ಎನ್ನುವುದರೊಳಗೆ ಕಂಪ್ಯೂಟರ್ ಮಂಚದ ಮೇಲೆ ತುಂಡುತುಂಡಾಗಿ ಹರಡಿಕೊಂಡಿತ್ತು. ಫ್ಯಾನಿನ ಸಂದಿಗಳಲ್ಲಿ ರಸ್ತೆ ಅಗಲ ಮಾಡುವ ಕೆಲಸದ ಕೆಂಪು ಧೂಳು ಕಂಬಳಿಯಂತೆ ಕೂತಿತ್ತು. ಮುಂಡಪ್ಪ ಮನೆಗೆ ಓಡಿ, ಕಸ ಹಾರಿಸುವ ಬ್ಲೋವರ್ ತಂದು, ಕಿಟಕಿಯ ಕಡೆಗೆ ಹಿಡಿದು ಒಮ್ಮೆ ಬಿಟ್ಟರು. ಧೂಳೆಲ್ಲ ಹೋಯಿತು. ಹೋಗಿ, ಕೆಳಗೆ ಅಂಗಳದಲ್ಲಿ ಅತ್ತೆ ಬೀಫಾತಿಮಾ ಒಣಗಲು ಹಾಕಿದ್ದ ಹಲಸಿನ ಹಪ್ಪಳದ ಮೇಲೆ ಕೂತಿತು.

ಬೀಫಾತಿಮಾ ಮೇಲೆ ಬಂದು ನೋಡಿದರು, ಮಂಚದ ಮೇಲಿನ ತುಂಡುಗಳನ್ನು ಕಂಡರು, ತುಟಿ ಬಿಗಿಹಿಡಿದು ಕೆಳಗಿಳಿದರು. ಅಳಿಯನಿಗೆ ಬೈಯುವುದುಂಟೇ? ಅಂಗಳದಲ್ಲಿದ್ದ ಕೋಳಿಗೆ ಬಾಯಿಗೆ ಬಂದಂತೆ ಬೈದರು. ಕೋಳಿಗೆ ಏನೂ ಅರ್ಥವಾಗಲಿಲ್ಲ. ಅನ್ಸಾಫನಿಗೆ ಒಂದಕ್ಷರ ಬಿಡದೆ ಅರ್ಥವಾಯಿತು.

ಆಮೇಲೆ ಮುಂಡಪ್ಪ ಫ್ಯಾನಿನ ನಡುವಿಗೆ ತೆಂಗಿನೆಣ್ಣೆ ಬಿಟ್ಟರು. ಜೋಡಿಸಿ ಓಡಿಸಿದರೆ ಹತ್ತು ನಿಮಿಷದಲ್ಲಿ ಕೋಣೆಯಲ್ಲಿ ಒಗ್ಗರಣೆಯ ವಾಸನೆ ಎದ್ದು, ಬೆಕ್ಕು ಮೇಲೆ ಬಂದು ಕೂತಿತು. ಆ ಎಣ್ಣೆ ಒರೆಸಿ, ಹೊಲಿಗೆ ಮಿಷನಿನ ಎಣ್ಣೆ ಹಾಕಿದ್ದಾಯಿತು. ಅದುರುವುದು ನಿಲ್ಲಲಿ ಎಂದು ತಮ್ಮ ತೋಟದ ರಬ್ಬರ್ ಶೀಟೊಂದನ್ನು ತಂದು ಮಡಚಿ ಕಂಪ್ಯೂಟರಿನ ಅಡಿಗೆ ಇಟ್ಟರು. ಹೊಗೆಯಲ್ಲಿ ಒಣಗಿದ ಆ ಶೀಟಿನ ವಾಸನೆಗೆ ಬೆಕ್ಕೂ ಎದ್ದು ಹೋಯಿತು. ಗೇಮಿನ ಚಿತ್ರಗಳು ಅತಿ ವೇಗದಲ್ಲಿ ಓಡದಂತೆ ಅನ್ಸಾಫ್ ಒಂದು ಮಿತಿ ಹಾಕಿ ಗುಂಡಿ ಒತ್ತಿದ.

ಗೇಮ್ ಶುರುವಾಯಿತು. ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಅನ್ಸಾಫನಿಗೆ ಕಣ್ಣಲ್ಲಿ ನೀರೇ ಬಂತು. ಮುಂಡಪ್ಪ ಒಂದು ಚಾ ಕುಡಿದು, ಹಿಂಬಾಗಿಲಿನಿಂದ ಪಂಪಿನ ಕಡೆ ಹೋದರು.

ಸಂಜೆ ಫೈನಲ್ ಶುರುವಾಗುವ ಹೊತ್ತಿಗೆ ಮೂಸಬ್ಬ ಬಜಾರಿನ ತಮ್ಮ ಅಂಗಡಿಯಿಂದ ಬಂದರು. ಚಪ್ಪಲಿ ಬಿಡುತ್ತಾ ಕಿವಿಗೊಟ್ಟರು. ಮೇಲಿನಿಂದ ಸದ್ದಿಲ್ಲ. ಮಧ್ಯಾಹ್ನದಿಂದಲೇ ಇಲ್ಲವೆಂದು ಬೀಫಾತಿಮಾ ಹೇಳಿದರು. ಜೊತೆಗೆ, ಮುಂಡಪ್ಪನವರಿಂದ ಯಂತ್ರವನ್ನು ಬಿಚ್ಚಿಸಿ ಮಂಚದ ಮೇಲೆ ಹರಡಿದ್ದನ್ನೂ ಹೇಳಿದರು, ಬಿಡಿಬಿಡಿಯಾಗಿ ಮಾರಲಿಕ್ಕೇ ಇರಬೇಕೆಂದೂ ಸೇರಿಸಿದರು. ಮೂಸಬ್ಬ ಕುರ್ಚಿಯಲ್ಲಿ ಕುಸಿದರು. ಗಲ್ಫಿನ ಕೆಲಸ ಕಳಕೊಂಡವರ ಮನೆಗಳನ್ನು ಅವರು ಸಾಕಷ್ಟು ಕಂಡಿದ್ದರು. ಎಲ್ಲ ಕಡೆಯೂ ಮೊದಲು ಬರುವುದು ಇಂಥದೇ ಮೌನ.

ವಿಷಯ ಬೇಲಿ ದಾಟಲು ಹೊತ್ತು ಬೇಕೇ? ಬೀಫಾತಿಮಾರ ತಂಗಿ ಸಾಲಿಹಾ ಬಂದರು, ಅವರ ಹಿಂದೆ ಅಕ್ಕಪಕ್ಕದವರು ಬಂದರು. ಮನೆಯ ಮುಂದಿನ ಕೋಣೆಯಲ್ಲಿ ಕೂರಲು ಜಾಗವಿಲ್ಲದಾಯಿತು. ಎಲ್ಲರೂ ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡಿದರು.

ಮೇಲೆ ಅನ್ಸಾಫನ ತಂಡ ಗೆಲ್ಲುತ್ತಿತ್ತು. ಅವನ ಮಾತು ಕನ್ನಡಿಯ ಹಾಗೆ ಸ್ಪಷ್ಟವಾಗಿದೆ ಎಂದು ಖಲೀಲ್ ಬೇರೆ ಹೊಗಳಿದ. ಆಗ ಬಾಗಿಲು ತಟ್ಟಿದ ಸದ್ದು. ಹೆಡ್‌ಫೋನು ತೆಗೆದು ಹೊರಗೆ ಬಂದರೆ ಮಾವ, ಮಾವನ ಹಿಂದೆ ಮೆಟ್ಟಿಲು ತುಂಬ ಜನ.

"ಮೋನೇ, ಎದೆಗುಂದಬೇಡ" ಎಂದರು ಮೂಸಬ್ಬ, ಸ್ವಂತ ಮಗನನ್ನು ಕರೆಯುವ ಹಾಗೆ, ಅವನ ಕೈ ಹಿಡಿದು. "ಕೆಲಸ ಇವತ್ತು ಹೋಗ್ತದೆ, ನಾಳೆ ಬರ್ತದೆ. ನಾಳೆಯಿಂದ ಅಂಗಡಿಗೆ ಬಾ. ಒಣಮೀನಿನ ಹತ್ತಿರ ಕೂತ್ಕೊಳ್ಳಿಕ್ಕೆ ಒಬ್ಬರು ಬೇಕೇ ಉಂಟು."

ಅನ್ಸಾಫನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಲೆಕ್ಕ ಹಾಕಿದ. ಕೆಲಸ ಹೋಗಿಲ್ಲ ಎಂದರೆ ಸದ್ದು ಯಾಕೆ ನಿಂತಿತು ಎನ್ನುತ್ತಾರೆ. ಸದ್ದು ಯಾತರದು ಎಂದು ಹೇಳಿದರೆ, ಇಷ್ಟು ದಿನ ಬಜಾರಿನಲ್ಲಿ ಹೊಗಳಿ ತಿರುಗಿದ ಮಾವ ನಾಳೆ ಅದೇ ಬಜಾರಿನಲ್ಲಿ ತಲೆಯೆತ್ತುವುದು ಹೇಗೆ? ಎಲ್ಲ ಬಲ್ಲ ಫಾಯಿಝಾ ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆಗೊರಗಿ, ನಗು ತಡೆಯಲು ಪಾಡುಪಡುತ್ತಿದ್ದಳು. ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು:

"ನಿಜ ಹೇಳ್ತೀರಾ, ಒಣಮೀನು ಮಾರ್ತೀರಾ?"

ಎರಡೂ ಬೇಡವಾಗಿತ್ತು. ಒಂದು ಅರ್ಜೆಂಟ್ ಕೆಲಸ ಉಂಟು, ಈಗಲೇ ಮುಗಿಸಬೇಕು ಎಂದು ತೊದಲಿ ಒಳಗೆ ನುಗ್ಗಿ, ಅನ್ಸಾಫ್ ಮೂರೂ ಫ್ಯಾನುಗಳ ವೇಗವನ್ನು ಪೂರ್ತಿ ಏರಿಸಿಬಿಟ್ಟ. ರಬ್ಬರ್ ಶೀಟನ್ನೂ ಎಳೆದೊಗೆದ. ಕೋಣೆ ಗಡಗಡ ಅದುರಿತು.

ಮೆಟ್ಟಿಲ ಮೇಲೆ ಮೂಸಬ್ಬನವರ ಮುಖ ಅರಳಿತು. ಅಳಿಯನ ಕೆಲಸ ಎಲ್ಲಿಗೂ ಹೋಗಿಲ್ಲ, ಇನ್ನು ಯಾರೂ ಅವನಿಗೆ ತೊಂದರೆ ಕೊಡಬಾರದು ಎಂದು ಎಲ್ಲರನ್ನೂ ಇಳಿಸಿಕೊಂಡು ಹೋದರು. ಬಂದವರಿಗೆಲ್ಲ ಚಾ ಆಯಿತು, ಕೆಂಪು ಧೂಳಿನ ಹಪ್ಪಳವನ್ನೂ ಕರಿದು ಕೊಟ್ಟರು.

ಅನ್ಸಾಫ್ ಹೆಡ್‌ಫೋನು ಹಾಕಿಕೊಂಡ.

"ಬೆಳಿಗ್ಗೆಯೇ ಹೇಳಿದ್ದೆ ಅಲ್ವಾ ಮಾರಾಯ" ಎಂದ ಖಲೀಲ್. ಅಷ್ಟೇ. ಅನ್ಸಾಫನ ಹೆಸರು ತಂಡದಿಂದ ಮಾಯವಾಯಿತು. ಬೇರೆಯವನು ಬಂದ, ಆಡಿದ, ಗೆದ್ದ. ಅನ್ಸಾಫ್ ಕೂತು ನೋಡಿದ.

ಎದ್ದು ಕಂಪ್ಯೂಟರ್ ಆರಿಸಲು ಕೈ ಚಾಚಿದ. ಆರಿಸಿದರೆ ಕೆಳಗಿರುವವರೆಲ್ಲ ಮತ್ತೆ ಮೇಲೆ ಬರುತ್ತಾರೆ ಎಂದು ನೆನಪಾಗಿ ಕೈ ಹಿಂದೆಗೆದ. ಮಾಡಲು ಬೇರೇನೂ ಉಳಿದಿರಲಿಲ್ಲ. ವಾರದಿಂದ ಬಾಕಿಯಿದ್ದ ದುಬೈಯ ಮನೆಯೊಂದರ ಚಿತ್ರವನ್ನು ತೆರೆದು, ಅಡುಗೆಮನೆಗೆ ಕಿಟಕಿ ಬರೆಯತೊಡಗಿದ. ಆ ಗರ್ಜನೆಯ ನಡುವೆ ನಿಜವಾದ ಕೆಲಸ ನಡೆದದ್ದು ಅದೇ ಮೊದಲು.